ಯೂನಿವರ್ಸಿಟಿ ಜಿಲ್ಲೆಗೆ ಬಂತು, ಊರೊಳಕ್ಕೆ ಬರ್ಲಿಲ್ಲ

ಹೋದ ತಿಂಗಳು ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದ್ರೆ ತಾತನ ಪಹಣಿ, ಕಂದಾಯ ರಸೀದಿಗಳ ಮಧ್ಯೆ ಒಂದು ಪುಟ್ಟ ಪುಸ್ತಕ ಸಿಕ್ತು, ಅಂಗೈಯಷ್ಟಗಲ, ರಟ್ಟನ್ನ ಅರ್ಧ ಗೆದ್ದಲು ತಿಂದುಬಿಟ್ಟಿದೆ, ಆದ್ರೂ ಮೈಸೂರು ವಿಶ್ವವಿದ್ಯಾನಿಲಯ ಅನ್ನೋದು ಚೆನ್ನಾಗೇ ಕಾಣುತ್ತೆ. ತಾತ ಓದಿದ್ದು ನಾಲ್ಕನೇ ಕ್ಲಾಸು. ಆ ಕಾಲದಲ್ಲಿ ಮೈಸೂರಿನ ಮೇಷ್ಟ್ರುಗಳು ಹಳ್ಳಿ ಕಡೆ ಬಂದು ವಿಜ್ಞಾನ, ಆರೋಗ್ಯ, ಚರಿತ್ರೆ ಅಂತ ಕನ್ನಡದಲ್ಲೇ ಮಾತಾಡೋರು, ಆಮೇಲೆ ಆ ಮಾತನ್ನೇ ಸಣ್ಣ ಪುಸ್ತಕ ಮಾಡಿ ಕಡಿಮೆ ದುಡ್ಡಿಗೆ ಕೊಡೋರು. ಪ್ರಚಾರೋಪನ್ಯಾಸ ಅಂತ ಅದಕ್ಕೆ ಹೆಸರು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು, ಯೂನಿವರ್ಸಿಟಿಯ ಪುಸ್ತಕ ಪ್ರಕಟಣೆ ವಿಭಾಗವಾದ ಪ್ರಸಾರಾಂಗದ ಮೂಲಕ ಆ ಕೆಲಸಕ್ಕೆ ಇನ್ನಷ್ಟು ಬಲ ತುಂಬಿದ್ರು.

ನಾನು ಚಾಮರಾಜನಗರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್, ಹಿಸ್ಟರಿ ಹೇಳ್ತೀನಿ. 2021ರಲ್ಲಿ ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಡಿಗ್ರಿ ನಾಲ್ಕು ವರ್ಷ ಅಂದ್ರು, ಬೇರೆ ವಿಭಾಗದ ವಿಷಯವನ್ನೂ ಆರಿಸ್ಕೊಳ್ಳೋ ಓಪನ್ ಎಲೆಕ್ಟಿವ್ ಅಂದ್ರು, ಮಕ್ಕಳಿಗೆ ಅದೇನು ಅಂತ ಅರ್ಥ ಮಾಡಿಸೋ ಹೊತ್ತಿಗೆ 2024ರ ಮೇನಲ್ಲಿ ವಾಪಸ್ ಮೂರೇ ವರ್ಷ ಅಂತ ಆರ್ಡರ್ ಬಂತು. ಯಾವುದು ಸರಿ ಅನ್ನೋ ಚರ್ಚೆ ಆಗ್ಲಿ, ಬೇಡ ಅನ್ನಲ್ಲ, ಆದ್ರೆ ಎರಡು ಸಲಾನೂ ನಮ್ಮ ಹುಡುಗರ ಅಪ್ಪ ಅಮ್ಮಂದಿರನ್ನ ಯಾರೂ ಕೂರಿಸಿಕೊಂಡು ಒಂದು ಮಾತು ಕೇಳಲಿಲ್ಲ, ಅದೇ ನನಗೆ ನೋವು.

ಇದರ ಮಧ್ಯೆ ಚಾಮರಾಜನಗರ, ಕೊಡಗು, ಹಾಸನ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಅಂತ 7 ಹೊಸ ಯೂನಿವರ್ಸಿಟಿ ಬಂದ್ವು. ಎರಡು ವರ್ಷ ಕಳೀತೋ ಇಲ್ವೋ, 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಚಾಮರಾಜನಗರದ್ದೂ, ಈ ಪಟ್ಟಿಯಲ್ಲಿಲ್ಲದ ಕೆಲವೂ ಸೇರಿ 9 ಹೊಸ ವಿವಿಗಳನ್ನ ಮುಚ್ಚೋ ಶಿಫಾರಸು ಮಾಡ್ತು, ದುಡ್ಡಿಲ್ಲ ಅನ್ನೋ ಕಾರಣಕ್ಕೆ. ದುಡ್ಡಿಲ್ಲ ಅನ್ನೋದೇನೋ ನಿಜಾನೇ. ಸರಿಯಾದ ಜಾಗ, ಮೇಷ್ಟ್ರು ಯಾವುದನ್ನೂ ಕೊಡದೆ ಬೋರ್ಡ್ ಹಾಕಿದ್ದೂ ನಿಜ. ಆದ್ರೆ ನನ್ನ ಕ್ಲಾಸಿನ ಹುಡುಗಿ ಒಬ್ಬಳು ಬೆಳಿಗ್ಗೆ ಹಸು ಕರೆದು, ಹಾಲು ಡೈರಿಗೆ ಹಾಕಿ, ಫ್ರೀ ಬಸ್ ಹತ್ತಿ ಬರ್ತಾಳೆ, ಮೈಸೂರಲ್ಲಿ ಹಾಸ್ಟೆಲ್ ಅಂದ್ರೆ ಅವರ ಮನೇಲಿ ಕಳಿಸಲ್ಲ, ಎಂ.ಎ. ಮಾಡೋದಾದ್ರೆ ಜಿಲ್ಲೆಯಲ್ಲೇ ಆಗ್ಬೇಕು. ಮುಚ್ಚೋ ಲೆಕ್ಕ ಹಾಕುವಾಗ ಅವಳನ್ನ ಯಾವ ಕಾಲಂನಲ್ಲಿ ಬರೀತಾರೆ?

ಮುಚ್ಚಬಾರದು ಅಂತಾನೇ ನನ್ನ ವಾದ, ಹಾಗಂತ ಹೀಗೇ ಇರ್ಲಿ ಅಂತಲ್ಲ. ಜನಕ್ಕೂ ಯೂನಿವರ್ಸಿಟಿಗೂ ಈಗ ಉಳಿದಿರೋದು ಮಾರ್ಕ್ಸ್ ಕಾರ್ಡಿನ ನಂಟೊಂದೇ, ಅದೂ ಟೈಮಿಗೆ ಸಿಗಲ್ಲ. ಜನ ಅದನ್ನ ತಮ್ಮದು ಅಂದ್ಕೊಳ್ಳದೇ ಇದ್ರೆ ಬೀಗ ಹಾಕೋ ದಿನ ಕೇಳೋಕೆ ಯಾರು ಬರ್ತಾರೆ ಹೇಳಿ.

ತಾತನ ಪುಸ್ತಕ ನೋಡಿದ ಮೇಲೆ ಮನಸ್ಸು ತಡೀಲಿಲ್ಲ, ಒಂದು ಭಾನುವಾರ ಆರು ಜನ ಮಕ್ಕಳನ್ನ ಕರ್ಕೊಂಡು ಆ ಹುಡುಗಿಯ ಊರಿಗೇ ಹೋದೆ. ಅರಳಿಕಟ್ಟೆ ಮೇಲೆ ಕೂತು ಆ ಸೀಮೆಯ ಶಾಸನಗಳ ಬಗ್ಗೆ ಅರ್ಧ ಗಂಟೆ ಮಾತಾಡಿದೆ, ಜನ ಕೇಳಿದ್ರು. ಆಮೇಲೆ ಹಿರಿಯರೊಬ್ಬರು ಟವಲ್ಲಿನ ಗಂಟಿಂದ ಎರಡು ಅರಿಶಿನ ಕೊಂಬು ತೆಗೆದು ನನ್ನ ಅಂಗೈ ಮೇಲಿಟ್ಟರು, ಒಂದು ತಮ್ಮ ಹೊಲದ್ದು, ಇನ್ನೊಂದು ಪಕ್ಕದ ಹೊಲದ್ದಂತೆ.

"ಎರಡೂ ಒಂದೇ ತರ ಅಲ್ವಾ ಮೇಷ್ಟ್ರೇ? ಅವನಿಗೆ ಒಂದು ರೇಟು, ನನಗೆ ಒಂದು ರೇಟು. ಯಾಕೆ? ನೀವು ಓದ್ಕಂಡೋರು, ಹೇಳಿ."

ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದೆ. ತಿಳ್ಕೊಂಡು ಬರ್ತೀವಿ ಅಂತ ಆ ಹುಡುಗಿ ಎದ್ದು ನಿಂತು ಹೇಳಿದ್ಲು. ಈಗ ಅವಳೂ ಇನ್ನಿಬ್ಬರೂ ಅರಿಶಿನ ಮಾರಿದವರ ಮನೆಮನೆಗೆ ಹೋಗಿ ಯಾವ ದಿನ, ಯಾರಿಗೆ, ಎಷ್ಟಕ್ಕೆ ಕೊಟ್ರು ಅಂತ ನೋಟ್‌ಬುಕ್‌ನಲ್ಲಿ ಬರ್ಕೋತಿದ್ದಾರೆ, ಎಕನಾಮಿಕ್ಸ್ ಮೇಡಂ ಜೊತೆ ಕೂತು ಟೇಬಲ್ ಹಾಕ್ತಿದ್ದಾರೆ. ಹದಿನೇಳು ಮನೆ ಆಗಿದೆ. ಯುಗಾದಿ ಕಳೆದ ಮೇಲೆ ಅದೇ ಕಟ್ಟೆಗೆ ಹೋಗಿ ಓದಿ ಹೇಳ್ಬೇಕು ಅಂತಿದೆ.