ಗೋಲ್ಡ್‌ಮನ್ ಸ್ಯಾಕ್ಸ್ ಫಲಿತಾಂಶದ ಒಳಸಾಲುಗಳು

ಮಂಡ್ಯದಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಪಾಠ ಮಾಡುವ ನಾನು ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ತ್ರೈಮಾಸಿಕ ಫಲಿತಾಂಶಕ್ಕಾಗಿ ಕಾಯುತ್ತಿರುತ್ತೇನೆ. ಹೊರಬಿದ್ದ ಕೂಡಲೇ ಮುದ್ರಿಸಿ ತರಗತಿಗೆ ಒಯ್ಯುತ್ತೇನೆ. ಸುದ್ದಿಯ ಶೀರ್ಷಿಕೆಯಲ್ಲಿ ನಿವ್ವಳ ಲಾಭವಷ್ಟೇ ಇರುತ್ತದೆ. ಮಾರುಕಟ್ಟೆಯ ನಾಡಿ ಸಿಗುವುದು ಒಳಗಿನ ಸಾಲುಗಳಲ್ಲಿ.

2021ರಲ್ಲಿ ಆ ಬ್ಯಾಂಕಿನ ನಿವ್ವಳ ಲಾಭ 2,160 ಕೋಟಿ ಡಾಲರ್ ದಾಟಿತ್ತು. ಬಡ್ಡಿ ಸೊನ್ನೆಯ ಸಮೀಪವಿತ್ತು, ಷೇರುಪೇಟೆ ಏರುತ್ತಿತ್ತು, ಐಪಿಒಗೂ (ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರುವುದು) ವಿಲೀನಕ್ಕೂ ಕಂಪನಿಗಳು ಸಾಲುಗಟ್ಟಿದ್ದವು. ಮರುವರ್ಷ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿದರವನ್ನು ಶೇ 4.25–4.5ರ ಮಟ್ಟಕ್ಕೆ ಒಯ್ದಿತು. ಲಾಭ ಸುಮಾರು 1,130 ಕೋಟಿಗೆ ಕುಸಿಯಿತು. ಐಪಿಒ, ವಿಲೀನಗಳನ್ನು ನಡೆಸಿಕೊಟ್ಟು ಪಡೆಯುವ ಹೂಡಿಕೆ ಬ್ಯಾಂಕಿಂಗ್ ಶುಲ್ಕ ಹೆಚ್ಚು ಕಡಿಮೆ ಅರ್ಧವಾಯಿತು.

ಆದರೆ ಅದೇ 2022ರಲ್ಲಿ ಬಾಂಡ್, ಕರೆನ್ಸಿ, ಸರಕುಗಳ ವಹಿವಾಟಿನ ಆದಾಯ ಗಣನೀಯವಾಗಿ ಹೆಚ್ಚಿತು! ಮಕ್ಕಳಿಗೆ ಇದನ್ನು ವಿವರಿಸುವುದೇ ನನಗೆ ಖುಷಿ. ನಮ್ಮ ಬೆಲ್ಲದ ಮಂಡಿಯಲ್ಲಿ ದರ ಏರಲಿ, ಇಳಿಯಲಿ, ಸರಕು ಕೈ ಬದಲಾಯಿಸಿದರೆ ದಲ್ಲಾಳಿಗೆ ಕಮಿಷನ್ ಬರುತ್ತದೆ. ಬಡ್ಡಿ ಏರುವಾಗ, ಡಾಲರ್ ಹೊಯ್ದಾಡುವಾಗ ಹೂಡಿಕೆದಾರರು ಅವಸರದಲ್ಲಿ ಕೊಳ್ಳುತ್ತಾರೆ, ಮಾರುತ್ತಾರೆ. ಬ್ಯಾಂಕಿಗೆ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ದಕ್ಕುತ್ತದೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು: ಬ್ಯಾಂಕು ಸರಕನ್ನು ತನ್ನ ಲೆಕ್ಕದಲ್ಲೇ ಇಟ್ಟುಕೊಳ್ಳುವುದರಿಂದ ನಷ್ಟದ ಅಪಾಯವೂ ಅದರದ್ದೇ.

ವಿದ್ಯಾರ್ಥಿಗಳೇ, ಮುಂದಿನ ಸಲ ಫಲಿತಾಂಶದಲ್ಲಿ ಬ್ಯಾಂಕಿಗೆ ಇನ್ನೂ ಬರಬೇಕಾದ ಶುಲ್ಕದ ಬಾಕಿಯ (ಬ್ಯಾಕ್‌ಲಾಗ್) ಕುರಿತ ಸಾಲನ್ನು ಹುಡುಕಿ. ಒಪ್ಪಿಗೆಯಾಗಿಯೂ ಇನ್ನೂ ಮುಗಿಯದ ವ್ಯವಹಾರಗಳು ಹೆಚ್ಚಿವೆಯೇ ಇಳಿದಿವೆಯೇ ಎಂಬುದು ಅಲ್ಲಿ ತಿಳಿಯುತ್ತದೆ.