ಕಾಡುಕೋಳಿಗೆ ಕೇಳಿಸದ ಮೆಟ್ಟು

ಡಿಸೆಂಬರ್ 14

ಇವತ್ತೂ ಓಡಿಹೋಯಿತು.

ಮನೆ ಹಿಂದಿನ ಗುಡ್ಡದಲ್ಲಿ, ಸಾಗುವಾನಿ ಮರಗಳ ಅಡಿಯಲ್ಲಿ ಒಂದು ಕಾಡುಕೋಳಿ ಹುಂಜ ದಿನಾ ಬೆಳಗ್ಗೆ ಕೆದಕುತ್ತದೆ. ಈ ವರ್ಷ ನಾನು ಅದನ್ನು ಒಮ್ಮೆಯೂ ಸರಿಯಾಗಿ ನೋಡಿಲ್ಲ. ಕಂಡದ್ದು ಬಾಲ ಮಾತ್ರ, ಅದೂ ಪೊದೆಯೊಳಗೆ ನುಗ್ಗುವಾಗ. ನನ್ನ ಕಣ್ಣಿಗೆ ಅದು ಬೀಳುವ ಮೊದಲೇ ಅದರ ಕಿವಿಗೆ ನಾನು ಬಿದ್ದಿರುತ್ತೇನೆ.

ನಮ್ಮದು ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಕೆಳಗೆ ಅಡಿಕೆ ತೋಟ, ಬದಿಯಲ್ಲಿ ಸ್ವಲ್ಪ ರಬ್ಬರ್, ಮೇಲೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಪದವು, ಅಂದರೆ ಮುರಕಲ್ಲಿನ ಬೋಳು ಬಯಲು. ಒಂದು ಗಂಟೆ ನಡೆದರೆ ಕಾಲಿಗೆ ನಾಲ್ಕು ಥರದ ನೆಲ ಸಿಗುತ್ತದೆ. ನನ್ನ ಕಾಲಲ್ಲಿ ಇದ್ದದ್ದು ರಾಣಿಪುರಂ ಹತ್ತಲು ತೆಗೆದ ದಪ್ಪ ಬೂಟು. ಬೆಟ್ಟ ಹತ್ತಲು ಒಳ್ಳೆಯದೇ. ಆದರೆ ಸಾಗುವಾನಿ ಎಲೆಯ ಮೇಲೆ ಅದನ್ನಿಟ್ಟರೆ ಹಪ್ಪಳದ ಕಟ್ಟು ಮುರಿದ ಹಾಗೆ ಆಗುತ್ತದೆ.

ಅಜ್ಜ ಬೇಟೆಗೆ ಹೋಗುತ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬರುವ ಮೊದಲಿನ ಮಾತು. ನನಗೆ ಕೋವಿ ಬೇಡ, ಹತ್ತಿರ ಹೋಗುವ ಆ ನಡಿಗೆ ಮಾತ್ರ ಬೇಕು. ಅಜ್ಜಿಯಲ್ಲಿ ಕೇಳಿದೆ, ಅಜ್ಜ ಕಾಲಿಗೆ ಎಂತ ಹಾಕುತ್ತಿದ್ದರು ಅಂತ.

"ಎಂತದ್ದೂ ಇಲ್ಲ ಮಗಾ. ಬರಿಗಾಲು. ಅವರು ಜಗಲಿ ಹತ್ತಿದ್ದೂ ನನಗೆ ಗೊತ್ತಾಗುತ್ತಿರಲಿಲ್ಲ."

ಈ ಬೇಸಗೆ ಮುಗಿಯುವುದರೊಳಗೆ 15 ಹೆಜ್ಜೆಯಷ್ಟು ಹತ್ತಿರ ಹೋಗಬೇಕು. ಆ ಹುಂಜದ ಕುತ್ತಿಗೆಯ ಗರಿಗಳ ತುದಿಯಲ್ಲಿ ಮೇಣ ಹಚ್ಚಿದ ಹಾಗೆ ಹೊಳೆಯುವ ಹಳದಿ, ಬಿಳಿ ಚುಕ್ಕೆಗಳಿರುತ್ತವೆ. ಅವು ದುರ್ಬೀನಿಲ್ಲದೆ ನನಗೆ ಕಾಣಬೇಕು.

ಡಿಸೆಂಬರ್ 22

ಒಂದು ವಾರ ಬರಿಗಾಲಲ್ಲೇ ನಡೆದೆ. ಸದ್ದಿನ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಭಾರ ಹಾಕುವ ಮೊದಲೇ ಎಲೆಯಡಿಯ ಕಡ್ಡಿ ಅಂಗಾಲಿಗೆ ಗೊತ್ತಾಗುತ್ತದೆ. ಗೊತ್ತಾದರೆ ಕಾಲನ್ನು ಎರಡು ಬೆರಳಿನಷ್ಟು ಆಚೆ ಇಟ್ಟರಾಯಿತು, ಕಡ್ಡಿ ಮುರಿಯುವುದಿಲ್ಲ. ನಾನು ಇಷ್ಟು ದಿನ ಮೆತ್ತಗಿನ ತಳವೇ ಸದ್ದು ಮಾಡದ್ದು ಅಂದುಕೊಂಡಿದ್ದೆ. ಹಾಗಲ್ಲ. ಎಷ್ಟೇ ಮೆತ್ತಗಿದ್ದರೂ ದಪ್ಪ ಇದ್ದರೆ ಕಾಲು ಕುರುಡಾಗುತ್ತದೆ. ಕಡ್ಡಿ ಮುರಿದ ಮೇಲೆಯೇ ಅದು ಇತ್ತು ಅಂತ ತಿಳಿಯುವುದು.

ಆದರೆ ಏಳನೇ ದಿನ ಪದವಿನಲ್ಲಿ ಮುರಕಲ್ಲಿನ ಅಂಚು ಹಿಮ್ಮಡಿಗೆ ತಾಗಿ ಗಾಯ ಆಯಿತು. ಅದೇ ಕಾಲಲ್ಲಿ ತೋಟದ ಕೆಸರಿಗೆ ಇಳಿದೆ. ಸಂಜೆ ಮನೆಗೆ ಬಂದ ಆಶಾ ಕಾರ್ಯಕರ್ತೆ ಅಕ್ಕ ಗಾಯ ನೋಡಿ ಗದರಿದರು. ಇಲಿ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರುತ್ತದೆ, ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಾ ಅಂತ. ಅವರು ಹೇಳಿದ್ದು ಸರಿ. ಅಜ್ಜನ ಅಂಗಾಲು ಹುಟ್ಟಿದಂದಿನಿಂದ ನೆಲ ಕಂಡದ್ದು, ನನ್ನದು ಹಾಗಲ್ಲ. ಬರಿಗಾಲನ್ನು ಕೈಬಿಟ್ಟೆ.

ಹಾಗಾದರೆ ಬೇಕಾದದ್ದು ಇಷ್ಟು: ಮುಳ್ಳು ತಡೆಯಬೇಕು, ಕಡ್ಡಿ ಗೊತ್ತಾಗಬೇಕು. ಹಿಮ್ಮಡಿ ಎತ್ತರ ಇರಬಾರದು, ಬೆರಳುಗಳಿಗೆ ಅಗಲಕ್ಕೆ ಹರಡಲು ಜಾಗ ಇರಬೇಕು.

ಡಿಸೆಂಬರ್ 28

ಮೊಬೈಲನ್ನು ಸಾಗುವಾನಿ ಬುಡದಲ್ಲಿ ರೆಕಾರ್ಡಿಂಗಿಗೆ ಇಟ್ಟು, ಹತ್ತು ಹೆಜ್ಜೆ ದೂರದಲ್ಲಿ ಆಚೆ ಈಚೆ ನಡೆದೆ. ಮನೆಯಲ್ಲಿದ್ದ ಎಲ್ಲಾ ಮೆಟ್ಟುಗಳನ್ನೂ ಹಾಕಿ ನೋಡಿದ್ದಾಯಿತು. ಹವಾಯಿ ಚಪ್ಪಲಿ ಹಿಮ್ಮಡಿಗೆ ಹೊಡೆಯುವ ಪಟ ಪಟ, ಎಲೆಯ ಸದ್ದಿಗಿಂತ ಜೋರು. ಪ್ಲಾಸ್ಟಿಕ್ ಸ್ಯಾಂಡಲ್ ಕಲ್ಲಿನ ಮೇಲೆ ಕಿರುಗುಟ್ಟುತ್ತದೆ. ತಮ್ಮನ ಹಳೆ ಕ್ಯಾನ್ವಾಸ್ ಶೂ ಪರವಾಗಿಲ್ಲ. ಆದರೆ ಅದರ ರೆಕಾರ್ಡಿಂಗಿನಲ್ಲಿ ಹೆಜ್ಜೆಗೊಂದು ಟಿಕ್, ಟಿಕ್ ಅಂತ ಸಣ್ಣ ಸದ್ದು. ನಾಲ್ಕು ಸಲ ಕೇಳಿದೆ, ಅರ್ಥ ಆಗಲಿಲ್ಲ. ಕೊನೆಗೆ ಶೂವನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಸಿಕ್ಕಿತು. ಲೇಸಿನ ತುದಿಯ ಪ್ಲಾಸ್ಟಿಕ್ ತೂತಿನ ಲೋಹದ ಬಳೆಗೆ ತಾಗುತ್ತಿತ್ತು.

ಇನ್ನೊಂದು ಸದ್ದು ಮೆಟ್ಟಿನದೇ ಅಲ್ಲ. ಟ್ರ್ಯಾಕ್ ಪ್ಯಾಂಟಿನ ಕಾಲುಗಳು ಒಂದಕ್ಕೊಂದು ಉಜ್ಜುವ ಸರ್ ಸರ್. ನಾಳೆಯಿಂದ ಹತ್ತಿ ಪ್ಯಾಂಟ್.

ಜನವರಿ 5

ಹಾಳೆ. ಇಡೀ ಊರಿಗೆ ಮುಟ್ಟಾಳೆ ಎಂಬ ಟೊಪ್ಪಿ ಕೊಟ್ಟ ಅಡಿಕೆ ಹಾಳೆ ಕಾಲಿಗೂ ಆಗಬಾರದೇಕೆ ಅನಿಸಿತು. ಅಗಲದ ಹಾಳೆ ಆರಿಸಿ ರಾತ್ರಿ ಇಡೀ ನೀರಲ್ಲಿ ನೆನೆಸಿದೆ. ಬೆಳಗ್ಗೆ ಅದು ಚರ್ಮದ ಹಾಗೆ ಬಾಗುತ್ತಿತ್ತು. ಪಾದದ ಅಳತೆಗೆ ಎರಡು ಪದರ ಕತ್ತರಿಸಿ, ಕತ್ತದ ಹುರಿಯಲ್ಲಿ ಹೊಲಿದು ಬೆರಳಿಗೂ ಹಿಮ್ಮಡಿಗೂ ಕಟ್ಟಿಕೊಂಡೆ.

ಹಸಿ ಇರುವಷ್ಟು ಹೊತ್ತು ಎಷ್ಟು ಚಂದ! ತೆಳು, ಹಗುರ, ನೆಲಕ್ಕೆ ಅಂಟಿದ ಹಾಗೆ. ಅರ್ಧ ಗಂಟೆ ಕಳೆಯುವಾಗ ಬಿಸಿಲು ಬಿತ್ತು. ಅಂಚುಗಳು ಮೇಲಕ್ಕೆ ಸುರುಟಿಕೊಂಡವು, ತಳ ಹಲಗೆಯಾಯಿತು, ಪದವಿನ ಕಲ್ಲಿನ ಮೇಲೆ ಟಕ್ ಟಕ್ ಶುರು. ಪದವಿನಲ್ಲಿದ್ದ ಟಿಟ್ಟಿಭ ಜೋಡಿ ನನ್ನ ತಲೆಯ ಮೇಲೆ ಸುತ್ತು ಹೊಡೆದು ಕೂಗಿ ಇಡೀ ಗುಡ್ಡಕ್ಕೆ ಸುದ್ದಿ ಮುಟ್ಟಿಸಿದವು. ಮನೆಯೊಳಗೆ ಹಾಕಲು ಹಾಳೆ ಮೆಟ್ಟು ಒಳ್ಳೆಯದು. ಗುಡ್ಡಕ್ಕೆ ಆಗುವುದಿಲ್ಲ.

ಜನವರಿ 12

ಇವತ್ತು ರಬ್ಬರ್ ಶೀಟ್ ಮಾಡುವಾಗ ತಲೆಗೆ ಹೊಳೆಯಿತು. ಡಿಶ್‌ನಲ್ಲಿ ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ರೋಲರಿಗೆ ಕೊಟ್ಟರೆ ಹೊರಗೆ ಬರುವುದು ಸುಮಾರು 3 ಮಿಲಿಮೀಟರ್ ದಪ್ಪದ ಶೀಟ್. ಮೈಮೇಲೆ ಗೆರೆ ಗೆರೆ, ಜಾರುವುದಿಲ್ಲ. ದುಡ್ಡು ಕೊಟ್ಟು ಹುಡುಕುತ್ತಿದ್ದ ತಳ ಮನೆಯ ಹೊಗೆಗೂಡಿನಲ್ಲೇ ನೇತಾಡುತ್ತಿದೆ!

ಒಣಗಿದ ಒಂದು ಶೀಟ್ ತೆಗೆದೆ. ತಮ್ಮನ ಕ್ಯಾನ್ವಾಸ್ ಶೂವಿನ ತಳ ಪೂರ್ತಿ ಕಿತ್ತು, ಒಳಗಿನ ಮೆತ್ತೆ ತೆಗೆದು, ಶೀಟನ್ನು ಪಂಕ್ಚರ್ ಸೊಲ್ಯೂಶನ್‌ನಲ್ಲಿ ಅಂಟಿಸಿದೆ. ಲೇಸಿನ ಬದಲು ಹತ್ತಿ ಲಾಡಿ.

ಜನವರಿ 19

ಬೆಳಗ್ಗೆ ಆರೂವರೆ, ಮಂಜು, ಎಲೆಗಳೆಲ್ಲ ಒದ್ದೆ. ರಬ್ಬರ್ ಶೀಟಿನ ಮೆಟ್ಟಿನಲ್ಲಿ ಸಾಗುವಾನಿ ಎಲೆಯ ಮೇಲೆ ನಡೆದರೆ ರೆಕಾರ್ಡಿಂಗಿನಲ್ಲಿ ನನಗೆ ನಾನೇ ಸಿಗಲಿಲ್ಲ. ಹರಟೆಮಲ್ಲ ಹಕ್ಕಿಗಳ ಗುಂಪೊಂದು ನನ್ನ ಕಾಲ ಬುಡದಲ್ಲೇ ಎಲೆ ಮಗುಚುತ್ತಿತ್ತು. ಒಂದು ಹಕ್ಕಿ ತಲೆ ಓರೆ ಮಾಡಿ ನನ್ನ ಲಾಡಿಯನ್ನೇ ನೋಡಿತು. ತುಂಬಾ ಖುಷಿಯಾಯಿತು.

ಜನವರಿ 24

ಖುಷಿ ಐದು ದಿನ. ಇವತ್ತು ಬರುವುದು ತಡವಾಗಿ ಪದವಿನ ಮೇಲೆ ಹನ್ನೊಂದು ಗಂಟೆಯಾಯಿತು. ಮುರಕಲ್ಲು ಕಾವಲಿಯ ಹಾಗೆ ಕಾದಿತ್ತು. ಕಾಲು ಎತ್ತುವಾಗ ಚರಕ್ ಅಂತ ಏನೋ ಕಿತ್ತ ಸದ್ದು. ತಿರುಗಿಸಿ ನೋಡಿದರೆ ತಳ ಅಂಟಂಟಾಗಿತ್ತು. ಅದರ ಮೇಲೆ ಗೇರಿನ ಒಣ ಎಲೆ, ಮುಳಿಹುಲ್ಲಿನ ಚೂರು, ಜಲ್ಲಿ ಎಲ್ಲಾ ಕಚ್ಚಿಕೊಂಡಿದ್ದವು. ಮನೆಗೆ ಬರುವಷ್ಟರಲ್ಲಿ ಬಲಗಾಲಿನ ತಳ ಬದಿಗೆ ಹರಡಿ ಆಕಾರ ಕೆಟ್ಟಿತು.

ಇದು ಹೊಸ ಸಂಗತಿಯೇ ಅಲ್ಲ. 1830ರ ದಶಕದಲ್ಲಿ ಅಮೆರಿಕದಲ್ಲಿ ಹಸಿ ರಬ್ಬರಿನ ಶೂ ಮಾರಿದವರಿಗೂ ಹೀಗೇ ಆಗಿತ್ತು. ಸೆಕೆಗೆ ಕರಗುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದ ಮೇಲೆ ಅದು ಸರಿಯಾದದ್ದು. ನಾವು ಮಾರುವ ಶೀಟು ಆ ಹದ ಕಾಣದ ಹಸಿ ರಬ್ಬರ್. ಹುಟ್ಟಿದಂದಿನಿಂದ ರಬ್ಬರ್ ಹಾಲಿನ ವಾಸನೆಯಲ್ಲೇ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಶೀಟಿನ ದಪ್ಪ ಮಾತ್ರ ಸರಿಯಾಗಿತ್ತು, ಅದನ್ನು ಬರೆದಿಟ್ಟುಕೊಂಡೆ.

ಫೆಬ್ರವರಿ 3

ನಡಿಗೆ ನಿಲ್ಲಿಸಿದ್ದೇನೆ. ಮೀನಖಂಡ ಕಲ್ಲಾಗಿದೆ, ಬೆಳಗ್ಗೆ ಹಿಮ್ಮಡಿ ಊರಿದರೆ ನೋವು. ಜೀವಮಾನವಿಡೀ ಹಿಮ್ಮಡಿ ಎತ್ತರದ ಶೂ ಹಾಕಿದ ಕಾಲನ್ನು ಒಮ್ಮೆಲೇ ಚಪ್ಪಟೆ ತಳಕ್ಕೆ ಇಳಿಸಿದೆ, ಅದಕ್ಕೇ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ಓದಿದೆ. 10 ವಾರದಲ್ಲಿ ಐದು ಬೆರಳಿನ ತೆಳು ಶೂಗೆ ಬದಲಾದ 19 ಓಟಗಾರರಲ್ಲಿ 10 ಮಂದಿಯ ಪಾದದ ಎಲುಬಿನೊಳಗೆ ಊತ ಹೆಚ್ಚಿತ್ತಂತೆ. ಅವರು ಓಡಿದವರು, ನಾನು ನಡೆದವನು. ಆದರೂ ಯಾರಾದರೂ ತೆಳು ತಳ ಶುರು ಮಾಡುವುದಾದರೆ ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ. ಅವಸರ ಬೇಡ.

ಜಗಲಿಯಲ್ಲಿ ಕೂತು ಬೆಕ್ಕನ್ನು ನೋಡುವುದೇ ಈಗ ಕೆಲಸ. ಅಂಗಳದಲ್ಲಿ ಒಣ ಸೋಗೆ ಹರಡಿದೆ, ಬೆಕ್ಕು ಅದರ ನಡುವೆ ಓತಿಯ ಹಿಂದೆ ಹೋಗುತ್ತಿದೆ. ಮುಂದಿನ ಕಾಲು ಇಟ್ಟ ಜಾಗದಲ್ಲೇ ಹಿಂದಿನ ಕಾಲು ಬಂದು ಕೂರುತ್ತದೆ. ಅಂದರೆ ನಾಲ್ಕು ಕಾಲಿದ್ದರೂ ನೆಲ ಪರೀಕ್ಷೆ ಮಾಡುವುದು ಎರಡೇ. ಮುಂಗಾಲು ಇಳಿಸಿ, ಒಂದು ಕ್ಷಣ ಹಾಗೇ ಇಟ್ಟು, ಆಮೇಲೆ ಮೈಭಾರ ತರುತ್ತದೆ.

ಇದನ್ನೇ ಎರಡು ಕಾಲಲ್ಲಿ ಮಾಡುವುದು ಹೀಗೆ. ಭಾರ ಎಲ್ಲಾ ಹಿಂದಿನ ಕಾಲಲ್ಲೇ ಇರಲಿ. ಮುಂದಿನ ಕಾಲಿನ ಹೊರ ಅಂಚು ಮೊದಲು ನೆಲಕ್ಕೆ, ಕಿರುಬೆರಳ ಬುಡ. ಅಲ್ಲಿಂದ ಹೆಬ್ಬೆರಳ ಕಡೆಗೆ ನಿಧಾನ ಮಗುಚು. ಕಡ್ಡಿ ಸಿಕ್ಕಿದರೆ ಎತ್ತಿ ಬೇರೆ ಕಡೆ ಇಡು. ಹಿಮ್ಮಡಿ ಕೊನೆಗೆ. ಅಜ್ಜಿ ನನ್ನ ಅಭ್ಯಾಸ ನೋಡಿ, "ಹಾಂ, ನಿನ್ನ ಅಜ್ಜ ಹೀಗೇ" ಅಂದರು.

ಫೆಬ್ರವರಿ 15

ಕಾಲು ಸರಿಯಾಯಿತು. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಣ್ಣನ ಬಳಿ ಹೋದೆ. ಹೊಸ ಕ್ಯಾನ್ವಾಸ್ ಶೂ ಒಂದು ನಂಬರ್ ದೊಡ್ಡದು ತಗೊಂಡಿದ್ದೆ, ಬೆರಳಿಗೆ ಜಾಗ ಇರಲಿ ಅಂತ. ತಳಕ್ಕೆ ಹಳೇ ಲಾರಿ ಟ್ಯೂಬ್. ಅದು ಕಾದ ಕಲ್ಲಿಗೂ ಹೆದರುವುದಿಲ್ಲ, ದಪ್ಪವೂ ನಮ್ಮ ಶೀಟಿನಷ್ಟೇ.

"ಹೀಲ್ ಬೇಡವಾ?" ಅಂತ ಮೂರು ಸಲ ಕೇಳಿದರು. ಬೇಡ ಅಂದಾಗ ಯಾಕೆ ಅಂತ ಕೇಳಿದರು, ಹೇಳಿದೆ. ಅವರು ಸ್ವಲ್ಪ ಹೊತ್ತು ಟ್ಯೂಬನ್ನು ಕೈಯಲ್ಲಿ ಮಡಚಿ ನೋಡಿದರು. ಆಮೇಲೆ ನನಗೆ ಹೊಳೆಯದ ಕೆಲಸ ಮಾಡಿದರು. ಟ್ಯೂಬನ್ನು ಶೂವಿನ ಅಳತೆಗೆ ಸರಿಯಾಗಿ ಕತ್ತರಿಸದೆ ಸುತ್ತಲೂ ಒಂದು ಬೆರಳು ಜಾಸ್ತಿ ಬಿಟ್ಟರು. ಆ ಅಂಚನ್ನು ಮೇಲಕ್ಕೆ ಮಡಚಿ ಬಟ್ಟೆಗೆ ಅಂಟಿಸಿ, ಮೇಣ ಹಚ್ಚಿದ ನೂಲಲ್ಲಿ ಹೊಲಿದರು. "ಅಂಚು ಕೆಳಗಿದ್ದರೆ ಅದೇ ಕಡ್ಡಿಗೆ ಸಿಕ್ಕುವುದು ಅಲ್ವಾ" ಅಂದರು. ಎಷ್ಟು ಸರಿ! ದುಂಡಗಿನ ಅಂಚಿಗೆ ಕಡ್ಡಿ ತಾಗಿದರೆ ಜಾರಿ ಬದಿಗೆ ಹೋಗುತ್ತದೆ.

ಜಪಾನಿನಲ್ಲಿ ಬಡಗಿಗಳು, ರೈತರು ಹಾಕುವ ಜಿಕಾತಾಬಿ ಅಂತ ಒಂದಿದೆ. ಬಟ್ಟೆಯ ಮೇಲ್ಭಾಗ, ತೆಳು ರಬ್ಬರ್ ತಳ, ಹೆಬ್ಬೆರಳು ಬೇರೆ. ಅದನ್ನು 1923ರಲ್ಲಿ ಮಾರುಕಟ್ಟೆಗೆ ತಂದ ಶೋಜಿರೋ ಇಶಿಬಾಶಿ ಅವರೇ 1931ರಲ್ಲಿ ಬ್ರಿಜ್‌ಸ್ಟೋನ್ ಟೈರ್ ಕಂಪನಿ ಶುರು ಮಾಡಿದ್ದು. ಅಲ್ಲಿ ಮೆಟ್ಟಿನಿಂದ ಟೈರಿಗೆ ಹೋದರು. ಇಲ್ಲಿ ಲಾರಿ ಚಕ್ರದಿಂದ ಮೆಟ್ಟಿಗೆ ಬಂತು.

ಫೆಬ್ರವರಿ 23

ಟ್ಯೂಬ್ ಮೆಟ್ಟಿನ ಲೆಕ್ಕ. ತೋಟದಲ್ಲಿ ಸದ್ದೇ ಇಲ್ಲ, ಹಾಳೆ ಸೋಗೆ ತುಳಿಯದಿದ್ದರೆ ಸಾಕು. ಪದವಿನ ಜಲ್ಲಿಯಲ್ಲಿ ಮೆಲ್ಲಗೆ ಗರಗರ. ರಬ್ಬರ್ ಮರಗಳ ಅಡಿಯ ಒಣ ಎಲೆಯಲ್ಲಿ ಪರವಾಗಿಲ್ಲ. ಸಾಗುವಾನಿ ಎಲೆಗೆ ಮಾತ್ರ ಯಾವ ಮೆಟ್ಟೂ ಮದ್ದಲ್ಲ. ಇಬ್ಬನಿ ಆರುವ ಮೊದಲು, ಎಂಟು ಗಂಟೆಯೊಳಗೆ ಆ ಜಾಗ ದಾಟಬೇಕು. ಅದಾಗದಿದ್ದರೆ ಬೆರಳ ತುದಿಯನ್ನು ಎಲೆಯ ಅಡಿಗೆ ತೂರಿಸಿ ಜಾರಿಸುತ್ತಾ ಹೋಗಬೇಕು. ನಿಮಿಷಕ್ಕೆ ನಾಲ್ಕೈದು ಹೆಜ್ಜೆ, ಅಷ್ಟೇ.

ಸದ್ದಿಲ್ಲದೆ ನಡೆಯುವವನಿಗೆ ಎರಡು ಅಪಾಯ ಇದೆ, ಇದನ್ನು ಬಿಡಬಾರದು. ಒಂದು, ಹಾವಿಗೂ ನಾವು ಬರುವುದು ಗೊತ್ತಾಗುವುದಿಲ್ಲ. ಒಣ ಎಲೆಯಲ್ಲಿ ಮಲಗಿದ ಕೊಳಕುಮಂಡಲ ಎಲೆಯ ಹಾಗೇ ಕಾಣುತ್ತದೆ. ಕಾಲಿಡುವ ಜಾಗ ಕಣ್ಣಿಗೆ ಸ್ಪಷ್ಟ ಕಾಣುವಷ್ಟು ಬೆಳಕಾಗದೆ ಹೊರಡುವುದಿಲ್ಲ. ಮೊಣಕಾಲೆತ್ತರದ ಮುಳಿಹುಲ್ಲಿಗೆ ಇಳಿಯುವುದಿದ್ದರೆ ಗಂಬೂಟ್, ಸದ್ದಾದರೆ ಆಗಲಿ. ಎರಡನೆಯದು ಹಂದಿ ಹೊಡೆಯುವವರು. ಕೃಷಿ ಹಾಳು ಮಾಡುವ ಕಾಡುಹಂದಿಗೆ ಗುಂಡು ಹೊಡೆಯಲು ಅನುಮತಿ ಕೊಡುವ ಅಧಿಕಾರ 2022ರಲ್ಲಿ ಕೇರಳದ ಪಂಚಾಯತಿಗಳಿಗೆ ಸಿಕ್ಕಿತು. ನಮ್ಮ ಕಡೆ ಅವರು ರಾತ್ರಿ ಬಂದರೆ ಬೆಳಗಿನ ಜಾವದವರೆಗೂ ತಿರುಗುತ್ತಾರೆ. ಕತ್ತಲಲ್ಲಿ ಪೊದೆಯ ಹತ್ತಿರ ಮೆಲ್ಲಗೆ ಅಲ್ಲಾಡುವ ಮನುಷ್ಯ ನಾನಾಗುವುದು ಬೇಡ. ಅವರು ಬರುವ ದಿನ ಪಕ್ಕದ ಮನೆ ಮಾವ ಫೋನ್ ಮಾಡುತ್ತಾರೆ, ಆ ದಿನ ಮನೆಯಲ್ಲೇ ಇರುತ್ತೇನೆ.

ಮಾರ್ಚ್ 9

ಹುಂಜ ಇವತ್ತು 17 ಹೆಜ್ಜೆಯಲ್ಲಿ.

ಏಳು ಗಂಟೆಗೆ ಕೂಗು ಕೇಳಿತು. ಗೇರು ಮರದ ಹಿಂದೆ ನಿಂತು ನೋಡಿದೆ. ಅದು ಕೆದಕುವಾಗ ಒಂದು ಲೆಕ್ಕ ಇದೆ: ಎಡಗಾಲಲ್ಲಿ ಎರಡು, ಬಲಗಾಲಲ್ಲಿ ಒಂದು, ಹಿಂದಕ್ಕೆ ಸರಿದು ಹೆಕ್ಕುವುದು, ಆಮೇಲೆ ತಲೆ ಎತ್ತಿ ನಿಲ್ಲುವುದು. ಕೆದಕುವಾಗ ಎಲೆಯ ಸದ್ದು ಅದರ ಕಿವಿಯಲ್ಲೇ ತುಂಬಿರುತ್ತದೆ. ಆ ಮೂರು ಒದೆತದೊಳಗೆ ನನ್ನದು ಒಂದು ಹೆಜ್ಜೆ. ತಲೆ ಎತ್ತಿದಾಗ ನಾನು ಮರ. ಒಮ್ಮೆ ಎಡಗಾಲು ಅರ್ಧ ಎತ್ತಿದ್ದಾಗಲೇ ಅದು ತಲೆ ಎತ್ತಿತು. ಹಾಗೇ ನಿಂತೆ, ಮೀನಖಂಡ ನಡುಗಲು ಶುರು. ತೆಳು ತಳದ ಅಡಿ ಒಂದು ಗೇರುಬೀಜದ ಡೊಂಕು ಕೂಡ ಬಲಗಾಲಿಗೆ ಗೊತ್ತಾಗುತ್ತಿತ್ತು.

ಆಮೇಲೆ ಬಿಸಿಲು ಮರಗಳ ನಡುವಿಂದ ಅದರ ಕುತ್ತಿಗೆಯ ಮೇಲೆ ಬಿತ್ತು. ಚುಕ್ಕೆಗಳು ಕಂಡವು. ಒಂದೊಂದೂ ಬೇರೆ ಬೇರೆಯಾಗಿ, ತುಪ್ಪದ ಹನಿ ಗಟ್ಟಿಯಾದ ಹಾಗೆ. ಹೇಂಟೆಯೊಂದು ಪೊದೆಯಿಂದ ಹೊರಬಂತು, ಇಬ್ಬರೂ ಕೆಳಗೆ ತೋಡಿನ ಕಡೆಗೆ ಮೇಯುತ್ತಾ ಹೋದರು. ಓಡಲಿಲ್ಲ. ಹೋದ ಮೇಲೆ ಹೆಜ್ಜೆ ಎಣಿಸಿದೆ. ಎರಡು ಸಲ ಎಣಿಸಿದೆ.

ಮಾರ್ಚ್ 12

ಬಲಗಾಲಿನ ಹೆಬ್ಬೆರಳ ಹತ್ತಿರ ಹೊಲಿಗೆ ಬಿಟ್ಟಿದೆ, ಮಡಚಿದ ಅಂಚು ಎದ್ದು ಕಡ್ಡಿಗೆ ಸಿಕ್ಕುತ್ತಿದೆ. ನಾಳೆ ಅಣ್ಣನ ಹತ್ತಿರ ಕೊಡಬೇಕು, ಅಲ್ಲಿ ಎರಡು ಸಾಲು ಹೊಲಿಗೆ ಹಾಕಲು ಹೇಳಬೇಕು. ಜೂನ್ ಬಂದರೆ ಉಂಬುಳ, ಕೆಸರು, ಬಟ್ಟೆ ಶೂ ಕೆಲಸಕ್ಕೆ ಬಾರದು. ಅದರೊಳಗೆ ಆ ಎರಡು ಹೆಜ್ಜೆ ಬಾಕಿ ಇದೆ.