ರಾಗ್‌ವರ್ಟ್ ಗಿಡಗಳ ಗುರುತು: ಮೂರನೆಯ ತಿಂಗಳ ಟಿಪ್ಪಣಿ

ಹಳದಿ ಹೂವಿನ ರಾಗ್‌ವರ್ಟ್ ಗಿಡಗಳನ್ನು ಪ್ರಭೇದವಾರು ಬೇರ್ಪಡಿಸಿ ದಾಖಲಿಸುವ ಕೆಲಸಕ್ಕೆ ಜೂನ್ ಕೊನೆಯಲ್ಲಿ ಕೈಹಾಕಿದಾಗ ಅದು ಒಂದೇ ತಿಂಗಳಲ್ಲಿ ಮುಗಿಯುತ್ತದೆಂದು ಎಣಿಸಿದ್ದೆ. ಈಗ ಸೆಪ್ಟೆಂಬರ್ ಕೊನೆಯಾಗುತ್ತ ಬಂದಿದೆ. ಸಾಮಾನ್ಯ ರಾಗ್‌ವರ್ಟ್, ಜೌಗು ರಾಗ್‌ವರ್ಟ್, ಬೂದು ರಾಗ್‌ವರ್ಟ್ ಮತ್ತು ಆಕ್ಸ್‌ಫರ್ಡ್ ರಾಗ್‌ವರ್ಟ್ ಎಂಬ ನಾಲ್ಕರಲ್ಲಿ ಯಾವುದು ಯಾವುದೆಂದು ಧೈರ್ಯವಾಗಿ ಹೇಳುವ ಸ್ಥಿತಿಗೆ ಈಗಷ್ಟೇ ತಲುಪಿದ್ದೇನೆ. ಜುಲೈ ತಿಂಗಳ ನನ್ನ ಟಿಪ್ಪಣಿಗಳಲ್ಲಿ ಹೂವಿನ ಬಣ್ಣ, ಗಿಡದ ಎತ್ತರ, ಎಲೆಯ ಆಕಾರ ಇವಿಷ್ಟೇ ಇದ್ದವು. ಅವುಗಳಲ್ಲಿ ಬಹುಪಾಲು ಈಗ ಕೆಲಸಕ್ಕೆ ಬಾರದವಾಗಿವೆ.

ಎಲೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಜೌಗು ರಾಗ್‌ವರ್ಟ್‌ನ ಕೆಳಗಿನ ಎಲೆಗಳಲ್ಲಿ ತುದಿಯ ಹಾಲೆ, ಅಂದರೆ ಸೀಳಿದಂತಿರುವ ಎಲೆಯ ಕೊನೆಯ ಭಾಗ, ದೊಡ್ಡದಾಗಿ, ಮೊಟ್ಟೆಯಾಕಾರದಲ್ಲಿ ಎದ್ದುಕಾಣುತ್ತದೆ. ಸಾಮಾನ್ಯ ರಾಗ್‌ವರ್ಟ್‌ನಲ್ಲಿ ಅದು ಮೊಂಡಾಗಿದ್ದು, ಇಡೀ ಎಲೆ ಚಿಂದಿ ಮಾಡಿದ ಬಟ್ಟೆಯಂತೆ ಸುಕ್ಕುಸುಕ್ಕಾಗಿರುತ್ತದೆ. ಬೂದು ರಾಗ್‌ವರ್ಟ್‌ನ ಹಾಲೆಗಳು ಕಿರಿದಾಗಿ ಚೂಪಾಗಿದ್ದು, ಅಂಚು ಕೆಳಮುಖವಾಗಿ ಮಡಚಿಕೊಂಡು, ಎಲೆಯ ಹಿಂಬದಿ ಬೂದುಬಣ್ಣದ ರೋಮಗಳಿಂದ ತುಂಬಿರುತ್ತದೆ. ತೊಂದರೆಯೆಂದರೆ, ಸಾಮಾನ್ಯ ರಾಗ್‌ವರ್ಟ್‌ನ ಎಳೆಯ ಎಲೆಗಳಿಗೂ ಜೇಡರಬಲೆಯಂಥ ರೋಮ ಇರುವುದುಂಟು, ಮತ್ತು ಬುಡದ ಎಲೆಗಳು ಹೂ ಬಿಡುವ ಹೊತ್ತಿಗೆ ಬಹುಮಟ್ಟಿಗೆ ಒಣಗಿಹೋಗಿರುತ್ತವೆ. ಈ ರೋಮವನ್ನೇ ನಂಬಿ ಮೂರು ಗಿಡಗಳಿಗೆ ಬೂದು ರಾಗ್‌ವರ್ಟ್ ಎಂದು ಚೀಟಿ ಕಟ್ಟಿದ್ದೆ, ಮೂರೂ ತಪ್ಪು.

ಹೂ ಬಿಡುವ ಕಾಲವೂ ಕೈಕೊಟ್ಟಿತು. ಬೂದು ರಾಗ್‌ವರ್ಟ್ ಸಾಮಾನ್ಯದಕ್ಕಿಂತ ತಡವಾಗಿ ಹೂ ಬಿಡುತ್ತದೆ ಎಂಬುದು ನಿಜ. ಆದರೆ ಸಿನಬಾರ್ ಪತಂಗದ ಹಳದಿ-ಕಪ್ಪು ಪಟ್ಟೆಯ ಹುಳುಗಳು ನಾನು ಗುರುತು ಹಾಕಿದ್ದ ಎರಡು ಸಾಮಾನ್ಯ ರಾಗ್‌ವರ್ಟ್ ಗಿಡಗಳನ್ನು ಬರೀ ಕಡ್ಡಿಯಾಗುವವರೆಗೆ ತಿಂದುಹಾಕಿದವು. ಆ ಗಿಡಗಳು ಮತ್ತೆ ಚಿಗುರಿ ಈ ತಿಂಗಳಲ್ಲಿ ಹೂ ಬಿಟ್ಟಿವೆ. ಚೀಟಿ ಕಟ್ಟಿರದಿದ್ದರೆ ಅವನ್ನೂ ಬೂದು ರಾಗ್‌ವರ್ಟ್ ಎಂದೇ ಬರೆದುಕೊಳ್ಳುತ್ತಿದ್ದೆ.

ಆಗಸ್ಟ್‌ನಿಂದ ಹೂವನ್ನು ತಲೆಕೆಳಗು ಮಾಡಿ ನೋಡುವ ಅಭ್ಯಾಸ ಮಾಡಿಕೊಂಡೆ. ಸೇವಂತಿಗೆಯಂತೆ ಇಲ್ಲಿಯೂ ನಾವು ಒಂದು ಹೂವೆನ್ನುವುದು ಹಲವು ಪುಟ್ಟ ಹೂಗಳ ಗುಂಪು. ಆ ಗುಂಪನ್ನು ಕೆಳಗಿನಿಂದ ಹಸಿರು ಉಪಪತ್ರಗಳ, ಅಂದರೆ ಎಲೆಯಂಥ ಪುಟ್ಟ ಎಸಳುಗಳ, ಒಂದು ಸಾಲು ಬಟ್ಟಲಿನಂತೆ ಹಿಡಿದಿರುತ್ತದೆ. ಆ ಬಟ್ಟಲಿನ ಬುಡದಲ್ಲಿ ಇನ್ನಷ್ಟು ಚಿಕ್ಕ ಉಪಪತ್ರಗಳಿವೆ. ಸಾಮಾನ್ಯ ರಾಗ್‌ವರ್ಟ್‌ನಲ್ಲಿ ಅವು ಕೆಲವೇ ಇದ್ದು ತೀರ ಗಿಡ್ಡವಾಗಿರುತ್ತವೆ. ಬೂದು ರಾಗ್‌ವರ್ಟ್‌ನಲ್ಲಿ ಮೇಲಿನವುಗಳ ಸುಮಾರು ಅರ್ಧದಷ್ಟು ಉದ್ದ ಬರುತ್ತವೆ. ಆಕ್ಸ್‌ಫರ್ಡ್ ರಾಗ್‌ವರ್ಟ್‌ನಲ್ಲಿ ಈ ಚಿಕ್ಕ ಉಪಪತ್ರಗಳ ತುದಿಗೂ ಮಸಿ ಅದ್ದಿದಂತೆ ಸ್ಪಷ್ಟ ಕಪ್ಪು ಇರುವುದರಿಂದ ಅದರ ವಿಷಯದಲ್ಲಿ ನನಗೆ ಅಷ್ಟಾಗಿ ಗೊಂದಲವಾಗಲಿಲ್ಲ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನ ಎರಡು ಪ್ರಭೇದಗಳ ಬೆರಕೆಯಿಂದ ಹುಟ್ಟಿ, ಆಕ್ಸ್‌ಫರ್ಡಿನ ಸಸ್ಯೋದ್ಯಾನದಿಂದ ತಪ್ಪಿಸಿಕೊಂಡು, 19ನೆಯ ಶತಮಾನದಲ್ಲಿ ರೈಲುಹಳಿಗಳ ಜಲ್ಲಿಯ ಗುಂಟ ಬ್ರಿಟನ್ನಿನಲ್ಲಿ ಹರಡಿದ ಈ ಗಿಡ ಇವತ್ತಿಗೂ ಸೆನೆಸಿಯೋ ಕುಲದಲ್ಲೇ ಉಳಿದಿದೆ. ಉಳಿದ ಮೂರನ್ನು ಜಾಕೋಬಿಯಾ ಕುಲಕ್ಕೆ ಸೇರಿಸಲಾಗಿದೆ. ಹಳೆಯ ಪುಸ್ತಕಗಳಲ್ಲಿ ನಾಲ್ಕೂ ಸೆನೆಸಿಯೋ ಎಂದೇ ಇರುವುದರಿಂದ ನನ್ನ ಹಾಳೆಗಳ ಮೇಲಿನ ಹೆಸರುಗಳನ್ನೆಲ್ಲ ತಿದ್ದಬೇಕಾಯಿತು.

ಕೊನೆಗೆ ತೀರ್ಪು ಕೊಟ್ಟದ್ದು ಕಾಯಿ. ಬೀಜದಂತೆಯೇ ಕಾಣುವ, ಸುಮಾರು ಎರಡು ಮಿಲಿಮೀಟರ್ ಉದ್ದದ ಈ ಒಣಕಾಯಿಗಳನ್ನು ಹೂವಿನ ಅಂಚಿನಿಂದ ಕೆಲವು, ನಡುವಿನಿಂದ ಕೆಲವು ಸೂಜಿಯಲ್ಲಿ ಬಿಡಿಸಿ, ಕಪ್ಪು ಕಾಗದದ ಮೇಲೆ ಎರಡು ಗುಂಪಾಗಿಟ್ಟು ಹತ್ತುಪಟ್ಟಿನ ಮಸೂರದಲ್ಲಿ ನೋಡಬೇಕು. ಸಾಮಾನ್ಯ ರಾಗ್‌ವರ್ಟ್‌ನಲ್ಲಿ ನಡುವಿನ ಕಾಯಿಗಳಿಗೆ ರೋಮವಿರುತ್ತದೆ, ಅಂಚಿನವು ನುಣ್ಣಗಿರುತ್ತವೆ. ಬೂದು ರಾಗ್‌ವರ್ಟ್‌ನಲ್ಲಿ ಎಲ್ಲಕ್ಕೂ ರೋಮ. ಜೌಗು ರಾಗ್‌ವರ್ಟ್‌ನಲ್ಲಿ ಎಲ್ಲವೂ ನುಣುಪು, ಇಲ್ಲವೇ ಅಲ್ಲೊಂದು ಇಲ್ಲೊಂದು ರೋಮ. ಮೊದಲ ದಿನ ಕಾಯಿಯ ನೆತ್ತಿಯಲ್ಲಿ ಗಾಳಿಗೆ ಹಾರಲು ಇರುವ ಬಿಳಿ ಕುಚ್ಚನ್ನೇ ರೋಮವೆಂದು ಭ್ರಮಿಸಿ ಎಲ್ಲವನ್ನೂ ಬೂದು ಎಂದು ಬರೆದು, ಮರುದಿನ ಅಷ್ಟನ್ನೂ ಹೊಡೆದುಹಾಕಿದೆ. ನೋಡಬೇಕಾದದ್ದು ಕಾಯಿಯ ಪಕ್ಕೆಯ ಗೀರುಗಳ ಉದ್ದಕ್ಕೂ ಅಂಟಿಕೊಂಡಿರುವ ಗಿಡ್ಡ ರೋಮವನ್ನು.

ಈ ಕೆಲಸಕ್ಕೆ ಕೈಗವಸು ಹಾಕಿಕೊಳ್ಳುತ್ತೇನೆ. ದನ ಮತ್ತು ಕುದುರೆಗಳ ಯಕೃತ್ತನ್ನು ಕೆಡಿಸುವ ಆಲ್ಕಲಾಯ್ಡ್‌ಗಳು ಈ ಗಿಡಗಳಲ್ಲಿದ್ದು, ಒಣಗಿದ ಮೇಲೂ ಆ ವಿಷ ಹೋಗುವುದಿಲ್ಲವಾದ್ದರಿಂದ ಉಳಿದ ಚೂರುಗಳನ್ನು ಹುಲ್ಲಿಗೆ ಸೇರದಂತೆ ಕಟ್ಟಿ ಬಿಸಾಡುತ್ತೇನೆ.

ಒದ್ದೆ ಹುಲ್ಲುಗಾವಲಿನ ಅಂಚಿನಿಂದ ತಂದ ನಾಲ್ಕು ಮಾದರಿಗಳು ಇನ್ನೂ ಹೆಸರಿಲ್ಲದೆ ಉಳಿದಿವೆ. ಎಲೆಯ ತುದಿ ಜೌಗಿನದು, ಹೂಗೊಂಚಲು ಸಾಮಾನ್ಯದಂತೆ ಒತ್ತಾಗಿದೆ, ನಡುವಿನ ಕಾಯಿಗಳ ಮೇಲೆ ರೋಮ ಅರೆಬರೆ. ಈ ಎರಡು ಪ್ರಭೇದಗಳು ಕೂಡಿ ಬೆಳೆಯುವಲ್ಲಿ ಬೆರಕೆ ಗಿಡಗಳು ಹುಟ್ಟುವುದರಿಂದ ಸದ್ಯಕ್ಕೆ ಇವುಗಳ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ‘ಬೆರಕೆ?’ ಎಂದಷ್ಟೇ ಬರೆದಿದ್ದೇನೆ. ಬರುವ ವಸಂತದಲ್ಲಿ ಅದೇ ಜಾಗದ ಎಳೆಯ ಗಿಡಗಳಿಗೆ ಬುಡದ ಎಲೆಗಳು ಹಸಿರಾಗಿರುವಾಗಲೇ ದಾರ ಕಟ್ಟಿ, ಕಾಯಿ ಬಲಿಯುವವರೆಗೆ ಅವನ್ನೇ ಹಿಂಬಾಲಿಸುತ್ತೇನೆ.